ಜಾಗ ಇದ್ದರೂ ನಿಂತ ಡೇಟಾಬೇಸ್: ಉಡುಪಿಯ ಒಂದು ಸೊಸೈಟಿಯ ಪ್ರಕರಣ

ಉಡುಪಿಯಲ್ಲಿ ಮುಖ್ಯ ಕಚೇರಿ ಇರುವ ಒಂದು ಕ್ರೆಡಿಟ್ ಸೊಸೈಟಿ. ಮಲ್ಪೆ, ಕಾಪು, ಬ್ರಹ್ಮಾವರ, ಕಾರ್ಕಳದಲ್ಲಿ ಶಾಖೆಗಳು. ಎಲ್ಲ ಶಾಖೆಗಳ ಲೆಕ್ಕವೂ ಮುಖ್ಯ ಕಚೇರಿಯ ಒಂದೇ ಸರ್ವರಿನಲ್ಲಿ, ಒರಾಕಲ್ ಎಂಬ ತಂತ್ರಾಂಶದ ಒಂದೇ ಡೇಟಾಬೇಸಿನಲ್ಲಿ ಇದೆ. ಆಗ ಆಗಸ್ಟ್ ತಿಂಗಳು. ಜೂನ್ 1ರಿಂದ ಜುಲೈ 31ರ ತನಕದ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದಿತ್ತು. ಮಲ್ಪೆ ಬಂದರಿನಲ್ಲಿ ಮತ್ತೆ ದುಡ್ಡು ಓಡಾಡುತ್ತಿತ್ತು. ಮಳೆಗಾಲದಲ್ಲಿ ಇಳಿದಿದ್ದ ಪಿಗ್ಮಿ ಸಂಗ್ರಹವೂ ಏರಿತ್ತು.

ಒಂದು ಬೆಳಿಗ್ಗೆ ಪಿಗ್ಮಿ ಏಜೆಂಟರು ಹಿಂದಿನ ದಿನದ ಸಂಗ್ರಹವನ್ನು ಕೈಮೆಷಿನಿನಿಂದ ಅಪ್‌ಲೋಡ್ ಮಾಡುವ ಹೊತ್ತಿಗೆ ಎಲ್ಲ ಶಾಖೆಗಳಲ್ಲೂ ಎಂಟ್ರಿ ನಿಂತಿತು. ಕ್ಯಾಷಿಯರ್ ಸೇವ್ ಒತ್ತಿದರೆ ಸ್ಕ್ರೀನು ಹಾಗೆಯೇ ಕೂರುತ್ತಿತ್ತು. ಎರರ್ ಇಲ್ಲ, ಉತ್ತರವೂ ಇಲ್ಲ. ವಿಚಿತ್ರ ಅಂದರೆ, ಮೊದಲೇ ಲಾಗಿನ್ ಆಗಿದ್ದವರಿಗೆ ಗ್ರಾಹಕರ ಬ್ಯಾಲೆನ್ಸ್ ಸರಿಯಾಗಿ ಕಾಣುತ್ತಿತ್ತು. ತಡವಾಗಿ ಬಂದು ಹೊಸದಾಗಿ ಲಾಗಿನ್ ಆಗಲು ಹೋದವರಿಗೆ ಮಾತ್ರ ಓಆರ್‌ಎ-00257 ಎಂಬ ಒರಾಕಲಿನ ಎರರ್ ಸಂದೇಶ ಬರುತ್ತಿತ್ತು. ಇನ್ನೂ ಒಂದು ಕುರುಹು ಇತ್ತು. ಬ್ಯಾಲೆನ್ಸ್ ಕಾಣುತ್ತಿದ್ದ ಅದೇ ಕಂಪ್ಯೂಟರಿನಲ್ಲಿ ಹಳೆಯ ವ್ಯವಹಾರಗಳ ರಿಪೋರ್ಟ್ ತೆಗೆಯಲು ಹೋದರೆ ಅದು ಅರ್ಧದಲ್ಲಿ ನಿಲ್ಲುತ್ತಿತ್ತು. ರಿಪೋರ್ಟ್ ಅಂದರೆ ಬರೀ ಓದುವ ಕೆಲಸ, ಅಲ್ವಾ? ಓದುವುದು ಒಂದು ಕಡೆ ನಡೆದು ಇನ್ನೊಂದು ಕಡೆ ನಿಲ್ಲುವುದು ಹೇಗೆ?

ಡೇಟಾಬೇಸ್ ಸರಿಪಡಿಸಲು ನಾನು ಹೋಗುವಷ್ಟರಲ್ಲಿ ಅಲ್ಲಿನ ಐಟಿ ನೋಡಿಕೊಳ್ಳುವ ಹುಡುಗಿ ತನಗೆ ತೋಚಿದ್ದನ್ನು ಮಾಡಿ ಮುಗಿಸಿದ್ದಳು. ಸಂದೇಶದಲ್ಲಿ ಆರ್ಕೈವರ್ ಅಂತ ಇತ್ತು. ಆರ್ಕೈವ್ ಫೋಲ್ಡರ್ ತೆರೆದು ನೋಡಿದರೆ ಮೇ ತಿಂಗಳಿನಿಂದಲೂ ಫೈಲುಗಳು ರಾಶಿ ಬಿದ್ದಿದ್ದವು. ಅತಿ ಹಳೆಯವನ್ನು ನೇರವಾಗಿ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸಿನಲ್ಲೇ ಅಳಿಸಿದ್ದಳು. ಆದರೂ ಡೇಟಾಬೇಸ್ ಕದಲಲಿಲ್ಲ.

"ಡಿಸ್ಕಲ್ಲಿ ಜಾಗ ಬೇಕಾದಷ್ಟು ಉಂಟು ಸರ್, ನೋಡಿ. ಮತ್ತೆ ಎಂತಕ್ಕೆ ಹೀಗೆ ಮಾಡ್ತದೆ ಇದು?" ಅಂದಳು. ನಿಜವೇ. ಆ ಡಿಸ್ಕಿನಲ್ಲಿ 300 ಜಿಬಿಗಿಂತ ಜಾಸ್ತಿ ಖಾಲಿ ಇತ್ತು.

ಮ್ಯಾನೇಜರಿಗೆ ಕೌಂಟರಿನ ಮುಂದಿನ ಸಾಲಿನದೇ ಚಿಂತೆ. "ಒಮ್ಮೆ ಆಫ್ ಮಾಡಿ ಆನ್ ಮಾಡುವ ಮಾರಾಯ್ರೆ, ಜನ ಎಷ್ಟು ಹೊತ್ತು ಕಾಯುವುದು?"

ಅವರ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೆ ಆಫ್ ಮಾಡುವುದು ಬೇಡ ಎಂದೆ. ಯಾಕೆ ಬೇಡ ಎನ್ನುವುದು ತಿಳಿಯಬೇಕಾದರೆ ಒಂದು ನೂರು ರೂಪಾಯಿಯ ಪಿಗ್ಮಿ ಈ ಡೇಟಾಬೇಸಿನೊಳಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಬೇಕು. ಒರಾಕಲ್ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಆದರೆ ಈ ಒಂದು ದಾರಿ ಸರಿಯಾಗಿ ಗೊತ್ತಾದರೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಜಾಗಕ್ಕೆ ಬಂದು ಕೂರುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಡಿಸ್ಕಿನ ಮೇಲೆ ಇರುವ ಫೈಲುಗಳು ಡೇಟಾಬೇಸ್. ಮೆಮೊರಿಯಲ್ಲಿ ಓಡುವ ಪ್ರೊಸೆಸ್‌ಗಳು ಮತ್ತು ಅವೆಲ್ಲ ಹಂಚಿಕೊಳ್ಳುವ ಮೆಮೊರಿ ಸೇರಿದರೆ ಅದು ಇನ್‌ಸ್ಟನ್ಸ್. ಸರ್ವರಿನ ಕರೆಂಟು ಹೋದರೆ ಇನ್‌ಸ್ಟನ್ಸ್ ಸಾಯುತ್ತದೆ, ಡೇಟಾಬೇಸ್ ಉಳಿಯುತ್ತದೆ. ಫೈಲುಗಳಲ್ಲಿ ಮೂರು ಬಗೆ ಮುಖ್ಯ. ಟೇಬಲ್‌ಗಳ ಸಾಲುಗಳು ಇರುವ ಡೇಟಾ ಫೈಲು. ನಡೆದ ಪ್ರತಿಯೊಂದು ಬದಲಾವಣೆಯನ್ನು ಕ್ರಮವಾಗಿ ಬರೆದಿಡುವ ರಿಡೂ ಲಾಗ್. ಯಾವ ಫೈಲು ಎಲ್ಲಿದೆ, ಯಾವುದು ಎಲ್ಲಿಯವರೆಗೆ ಬಂದಿದೆ ಎಂದು ನೆನಪಿಡುವ ಕಂಟ್ರೋಲ್ ಫೈಲು.

ಏಜೆಂಟರ ಮೆಷಿನಿನಿಂದ ನೂರು ರೂಪಾಯಿ ಬಂತು ಅಂತ ಇಟ್ಟುಕೊಳ್ಳಿ. ಆ ಗ್ರಾಹಕರ ಸಾಲು ಇರುವ ಬ್ಲಾಕು, ಸಾಮಾನ್ಯವಾಗಿ 8 ಕೆಬಿಯ ತುಂಡು, ಡಿಸ್ಕಿನಿಂದ ಮೆಮೊರಿಯ ಬಫರ್ ಕ್ಯಾಶಿಗೆ ಬರುತ್ತದೆ. ಹಳೆಯ ಬ್ಯಾಲೆನ್ಸ್ ಅನ್‌ಡೂ ಎಂಬ ಜಾಗಕ್ಕೆ ಹೋಗುತ್ತದೆ. ಮನಸ್ಸು ಬದಲಾಯಿಸಿದರೆ ವಾಪಸ್ ಹೋಗಲು ಅದು ಬೇಕು. ಅದೇ ಹೊತ್ತಿಗೆ ಬೇರೆ ಯಾರಾದರೂ ಬ್ಯಾಲೆನ್ಸ್ ನೋಡುತ್ತಿದ್ದರೆ, ಇನ್ನೂ ಪಕ್ಕಾ ಆಗದ ಅಂಕಿಯ ಬದಲು ಹಳೆಯ ಅಂಕಿ ತೋರಿಸಲಿಕ್ಕೂ ಅದೇ ಬೇಕು. ಒರಾಕಲಿನಲ್ಲಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರೂ ಓದುವವರನ್ನು ತಡೆಯುವುದಿಲ್ಲ. ಅದರ ಹಿಂದೆ ಇರುವುದು ಈ ಅನ್‌ಡೂ. ನಂತರ ಮೆಮೊರಿಯಲ್ಲಿರುವ ಬ್ಲಾಕಿನಲ್ಲಿ ಹೊಸ ಬ್ಯಾಲೆನ್ಸ್ ಬೀಳುತ್ತದೆ. ಅನ್‌ಡೂಗೆ ಬರೆದದ್ದು, ಬ್ಲಾಕಿಗೆ ಬರೆದದ್ದು, ಎರಡರ ವಿವರವೂ ರಿಡೂ ಬಫರಿನಲ್ಲಿ ಸೇರುತ್ತದೆ.

ಆಮೇಲೆ ಕಮಿಟ್, ಅಂದರೆ ಬದಲಾವಣೆಯನ್ನು ಪಕ್ಕಾ ಮಾಡುವುದು. ಇಲ್ಲಿ ಹೆಚ್ಚಿನವರ ಊಹೆ ತಪ್ಪುತ್ತದೆ. ಕಮಿಟ್ ಆದಾಗ ಹೊಸ ಬ್ಯಾಲೆನ್ಸ್ ಡೇಟಾ ಫೈಲಿಗೆ ಹೋಗಿರಬೇಕು ಎಂದೇನೂ ಇಲ್ಲ. ಲಾಗ್ ರೈಟರ್ ಎಂಬ ಪ್ರೊಸೆಸ್ ರಿಡೂ ಬಫರನ್ನು ಡಿಸ್ಕಿನ ರಿಡೂ ಲಾಗಿಗೆ ಬರೆದು ಮುಗಿಸುತ್ತದೆ. ಬರೆದದ್ದು ಡಿಸ್ಕಿಗೆ ಮುಟ್ಟಿತು ಎಂದು ಖಾತ್ರಿಯಾದ ಮೇಲೆಯೇ ಕ್ಯಾಷಿಯರಿನ ಸ್ಕ್ರೀನಿಗೆ "ಆಯಿತು" ಎಂಬ ಉತ್ತರ ಹೋಗುತ್ತದೆ. ಡೇಟಾ ಫೈಲಿಗೆ ಬರೆಯುವುದು ಡೇಟಾಬೇಸ್ ರೈಟರ್ ಎಂಬ ಬೇರೆ ಪ್ರೊಸೆಸ್. ಅದು ತನ್ನ ಪಾಡಿಗೆ, ಪುರುಸೊತ್ತಿನಲ್ಲಿ ಬರೆಯುತ್ತದೆ. ಸೊಸೈಟಿಯವರಿಗೆ ಇದು ಹೊಸತೇನಲ್ಲ. ಹಳೆಯ ಕಾಲದಲ್ಲಿ ವ್ಯವಹಾರ ಮೊದಲು ದಿನವಹಿಗೆ ಬೀಳುತ್ತಿತ್ತು, ಲೆಡ್ಜರಿಗೆ ಏರಿಸುವುದು ಆಮೇಲೆ. ಲೆಡ್ಜರ್ ಹಾಳಾದರೂ ದಿನವಹಿ ಇದ್ದರೆ ಮತ್ತೆ ಬರೆಯಬಹುದು.

ಹೀಗೆ ಮಾಡಲು ಕಾರಣ ಇದೆ. ಮಲ್ಪೆಯ ಗ್ರಾಹಕರ ಸಾಲು ಒಂದು ಮೂಲೆಯಲ್ಲಿ, ಕಾರ್ಕಳದವರದ್ದು ಇನ್ನೊಂದು ಮೂಲೆಯಲ್ಲಿ ಇರುತ್ತದೆ. ಪ್ರತಿ ಕಮಿಟ್‌ಗೂ ಆ ಮೂಲೆಗಳಿಗೆಲ್ಲ ಓಡಿ 8 ಕೆಬಿ ಬ್ಲಾಕುಗಳನ್ನು ಬರೆಯುತ್ತಾ ಕೂತರೆ ಡಿಸ್ಕು ಸುಸ್ತಾಗುತ್ತದೆ. ರಿಡೂ ಲಾಗ್ ಮಾತ್ರ ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದು ಸಣ್ಣ ತುಣುಕಾಗಿ ಬರೆಯುವಂಥದ್ದು. ಬೇಗ ಮುಗಿಯುತ್ತದೆ.

ರಿಡೂ ಲಾಗಿಗೆ ಕೊನೆಯಿಲ್ಲದ ಜಾಗ ಇರುವುದಿಲ್ಲ. ಕಡಿಮೆ ಅಂದರೆ ಲಾಗ್ ಫೈಲುಗಳ ಎರಡು ಗುಂಪು ಬೇಕು, ಈ ಸೊಸೈಟಿಯಲ್ಲಿ ಮೂರು ಇದ್ದವು. ಒಂದು ತುಂಬಿದರೆ ಮುಂದಿನದಕ್ಕೆ ದಾಟುತ್ತದೆ, ಮೂರನೆಯದು ಮುಗಿದರೆ ಮತ್ತೆ ಮೊದಲನೆಯದರ ಮೇಲೆ ಬರೆಯುತ್ತದೆ. ಹಾಗೆ ಬರೆಯುವ ಮೊದಲು ಹಳೆಯದನ್ನು ಎಲ್ಲಾದರೂ ನಕಲು ಮಾಡಿ ಇಡದಿದ್ದರೆ ಆ ಇತಿಹಾಸ ಅಳಿದೇ ಹೋಗುತ್ತದೆ. ಆದ್ದರಿಂದ ಹಣದ ಲೆಕ್ಕ ಇಡುವವರು ಡೇಟಾಬೇಸನ್ನು ಆರ್ಕೈವ್‌ಲಾಗ್ ಮೋಡಿನಲ್ಲಿ ಇಟ್ಟಿರುತ್ತಾರೆ. ಆಗ ಆರ್ಕೈವರ್ ಎಂಬ ಪ್ರೊಸೆಸ್ ತುಂಬಿದ ಗುಂಪನ್ನು ರಿಕವರಿ ಏರಿಯಾ ಎಂಬ ಫೋಲ್ಡರಿಗೆ ನಕಲು ಮಾಡುತ್ತದೆ. ನಕಲು ಆಗುವ ತನಕ ಆ ಗುಂಪಿನ ಮೇಲೆ ಬರೆಯಲು ಒರಾಕಲ್ ಬಿಡುವುದಿಲ್ಲ.

ಇಷ್ಟು ತಿಳಿದರೆ ಆ ಬೆಳಗಿನ ಕುರುಹುಗಳು ಓದಿಸಿಕೊಳ್ಳುತ್ತವೆ. ರಿಕವರಿ ಏರಿಯಾ ತುಂಬಿತ್ತು. ಆರ್ಕೈವರ್‌ಗೆ ನಕಲು ಇಡಲು ಜಾಗ ಸಿಗಲಿಲ್ಲ. ಮೂರೂ ಗುಂಪುಗಳು ನಕಲಿಗಾಗಿ ಕಾದು ನಿಂತವು. ಲಾಗ್ ರೈಟರ್‌ಗೆ ಬರೆಯಲು ಗುಂಪೇ ಉಳಿಯಲಿಲ್ಲ. ಅಡ್ಮಿನ್ ಆಗಿ ಒಳಗೆ ಹೋಗಿ ನೋಡಿದಾಗ ನಿಂತಿದ್ದ ಸೆಷನ್‌ಗಳೆಲ್ಲ "ಲಾಗ್ ಫೈಲ್ ಸ್ವಿಚ್, ಆರ್ಕೈವಿಂಗ್ ನೀಡೆಡ್" ಎಂಬ ಒಂದೇ ಕಾರಣಕ್ಕೆ ಕಾಯುತ್ತಿದ್ದವು. ಬ್ಯಾಲೆನ್ಸ್ ನೋಡಲು ರಿಡೂ ಬೇಡ, ಹಾಗಾಗಿ ಅದು ನಡೆಯುತ್ತಿತ್ತು. ಹೊಸ ಲಾಗಿನ್‌ಗಳನ್ನು ಒರಾಕಲ್ ಬಾಗಿಲಲ್ಲೇ ತಡೆಯುತ್ತಿತ್ತು.

ಜನ ಇದನ್ನು "ಡೇಟಾಬೇಸ್ ಕೈಕೊಟ್ಟಿತು" ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆವತ್ತು ಅದು ತನ್ನ ಮಾತು ಉಳಿಸಿಕೊಂಡಿತು. "ಆಯಿತು" ಎಂದು ಒಮ್ಮೆ ಹೇಳಿದ ಮೇಲೆ ಆ ನೂರು ರೂಪಾಯಿ ಕಳೆಯಬಾರದು. ಅದನ್ನು ಖಾತ್ರಿಯಾಗಿ ಹೇಳಲು ಆಗದ ಹೊತ್ತಿನಲ್ಲಿ ಸುಮ್ನೆ "ಆಯಿತು" ಎನ್ನುವ ಬದಲು ಅದು ಬಾಯಿ ಮುಚ್ಚಿಕೊಂಡು ನಿಂತಿತು. ಪಿಗ್ಮಿ ಕಟ್ಟುವವರು ಯಾರು? ಮೀನು ಮಾರುವವರು, ಹೂವಿನ ಅಂಗಡಿಯವರು, ರಿಕ್ಷಾ ಓಡಿಸುವವರು, ಟೈಲರುಗಳು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದ್ದು ಇಂಥವರ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕೂಡಿಸಲಿಕ್ಕೆ. ಅಂಥ ದುಡ್ಡಿನ ವಿಷಯದಲ್ಲಿ ಅರ್ಧ ದಿನ ನಿಲ್ಲುವುದು ತಡೆದುಕೊಳ್ಳಬಹುದಾದ ಕಷ್ಟ, ಬರೆದದ್ದು ಕಳೆಯುವುದು ತಡೆದುಕೊಳ್ಳಲಾಗದ್ದು.

ಇನ್ನು ಆ ಹುಡುಗಿಯ ಪ್ರಶ್ನೆ. ಡಿಸ್ಕಿನಲ್ಲಿ ಜಾಗ ಇದ್ದರೂ ಯಾಕೆ? ರಿಕವರಿ ಏರಿಯಾಕ್ಕೆ ಒಂದು ಮಿತಿ ಇರುತ್ತದೆ, ಅದನ್ನು ನಾವೇ ಕೊಟ್ಟಿರುತ್ತೇವೆ. ಇಲ್ಲಿ ಅದು 200 ಜಿಬಿ. ಡಿಸ್ಕು ಅದಕ್ಕಿಂತ ಎಷ್ಟೋ ದೊಡ್ಡದಿದ್ದರೂ ಒರಾಕಲ್ ನೋಡುವುದು ಆ ಅಂಕಿಯನ್ನು. ಎಷ್ಟು ಬಳಕೆಯಾಗಿದೆ ಎಂಬ ಲೆಕ್ಕವನ್ನೂ ಅದು ಡಿಸ್ಕಿಗೆ ಹೋಗಿ ಅಳೆಯುವುದಿಲ್ಲ. ತಾನು ಬರೆದ ಪ್ರತಿ ಫೈಲನ್ನೂ ಕಂಟ್ರೋಲ್ ಫೈಲಿನಲ್ಲಿ ದಾಖಲಿಸಿ, ಅದನ್ನೇ ಕೂಡಿಸಿ ನೋಡುತ್ತದೆ. ಅವಳು ಲಿನಕ್ಸಿನಲ್ಲಿ ಅಳಿಸಿದ ಫೈಲುಗಳು ಒರಾಕಲಿನ ಲೆಕ್ಕದಲ್ಲಿ ಇನ್ನೂ ಇದ್ದವು. ಅವುಗಳ ಜಾಗ ಇನ್ನೂ ತುಂಬಿಯೇ ಇತ್ತು.

ಇದಕ್ಕಿಂತ ಗಂಭೀರ ವಿಷಯ ಬೇರೆ ಇತ್ತು. ಆ ಫೈಲುಗಳು ಮೇ ತಿಂಗಳಿನಿಂದ ಯಾಕೆ ರಾಶಿ ಬಿದ್ದಿದ್ದವು? ಪ್ರತಿ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಅವನ್ನು ನೆಟ್‌ವರ್ಕಿನಲ್ಲಿರುವ ಬೇರೆ ಸ್ಟೋರೇಜಿಗೆ ನಕಲು ಮಾಡಿ ಇಲ್ಲಿಂದ ಅಳಿಸಬೇಕಿತ್ತು. ಮೇ ಕೊನೆಯ ಒಂದು ಸಂಜೆ, ಮಳೆ ಹಿಡಿಯುವ ಮೊದಲಿನ ಗುಡುಗು ಸಿಡಿಲಿನಲ್ಲಿ, ನೆಟ್‌ವರ್ಕ್ ಸ್ವಿಚ್ ಸುಟ್ಟಿತ್ತು. ಹೊಸ ಸ್ವಿಚ್ ಹಾಕಿದವರು ಕಂಪ್ಯೂಟರುಗಳನ್ನೆಲ್ಲ ಜೋಡಿಸಿದರು, ಕಪಾಟಿನ ಮೇಲಿದ್ದ ಸ್ಟೋರೇಜಿನ ಕೇಬಲ್ಲನ್ನು ಬಿಟ್ಟರು. ಅಂದಿನಿಂದ ಬ್ಯಾಕಪ್ ಪ್ರತಿ ರಾತ್ರಿ ಸೋಲುತ್ತಿತ್ತು. ಅದನ್ನು ತಿಳಿಸುವ ಮೇಲ್, ಕೆಲಸ ಬಿಟ್ಟು ಹೋದ ಒಬ್ಬರ ಹೆಸರಿಗೆ ಹೋಗುತ್ತಿತ್ತು. ಬ್ಯಾಕಪ್ ಆಗದ ಆರ್ಕೈವ್ ಫೈಲನ್ನು ಒರಾಕಲ್ ತಾನಾಗಿ ಅಳಿಸುವುದಿಲ್ಲ. ಜಾಗ ಮುಗಿಯುತ್ತಾ ಬಂದಾಗ ಎಚ್ಚರಿಕೆಗಳನ್ನು ಬರೆದಿಡುವ ಅಲರ್ಟ್ ಲಾಗ್ ಎಂಬ ಫೈಲಿನಲ್ಲಿ ಓಆರ್‌ಎ-19815 ಎಂಬ ಎಚ್ಚರಿಕೆಯನ್ನೂ ಬರೆದಿತ್ತು. ಆ ಫೈಲನ್ನು ತೆರೆದು ನೋಡುವವರು ಇರಲಿಲ್ಲ.

ಅಂದರೆ ಸೊಸೈಟಿಯ ಕೈಯಲ್ಲಿದ್ದ ಒಳ್ಳೆಯ ಬ್ಯಾಕಪ್ ಮೇ ತಿಂಗಳದ್ದು. ಅದನ್ನು ಆಗಸ್ಟಿಗೆ ತರಬೇಕಾದರೆ ಅಲ್ಲಿಂದ ಇಲ್ಲಿಯ ತನಕದ ಆರ್ಕೈವ್ ಲಾಗ್‌ಗಳು ಒಂದೂ ಬಿಡದೆ ಸರಣಿಯಲ್ಲಿ ಬೇಕು. ಅಳಿಸಿ ಹೋದದ್ದು ಆ ಸರಣಿಯ ಮೊದಲ ಕೊಂಡಿಗಳು. ಆ ಹೊತ್ತಿನಲ್ಲಿ ಡಿಸ್ಕು ಕೆಟ್ಟಿದ್ದರೆ ಜೂನ್, ಜುಲೈ, ಆಗಸ್ಟಿನ ಲೆಕ್ಕ ಯಾವ ದಾರಿಯಿಂದಲೂ ವಾಪಸ್ ಬರುತ್ತಿರಲಿಲ್ಲ. ಇದನ್ನು ಹೇಳಿದಾಗ ಮ್ಯಾನೇಜರು ಕುರ್ಚಿಯಲ್ಲಿ ಕೂತರು. ರೀಸ್ಟಾರ್ಟ್ ಮಾತು ಅಲ್ಲಿಗೆ ನಿಂತಿತು. ರೀಸ್ಟಾರ್ಟ್ ಮಾಡಿದ್ದರೆ ಏನಾಗುತ್ತಿತ್ತು ಎಂದೂ ಹೇಳಿಬಿಡುತ್ತೇನೆ. ಜಾಗದ ತಾಪತ್ರಯ ಹಾಗೆಯೇ ಇರುತ್ತಿತ್ತು. ಡೇಟಾಬೇಸ್ ತೆರೆಯುವಾಗಲೂ ರಿಡೂ ಬೇಕು. ಇಂಥ ಸ್ಥಿತಿಯಲ್ಲಿ ಅದು ಓಆರ್‌ಎ-16038 ಎಂದು ಹೇಳಿ ತೆರೆಯದೆ ಉಳಿಯುತ್ತದೆ. ಕಾಣುತ್ತಿದ್ದ ಬ್ಯಾಲೆನ್ಸೂ ಹೋಗುತ್ತಿತ್ತು.

ನಾವು ಮಾಡಿದ್ದು ಹೀಗೆ. ಮೊದಲು ಒಂದೇ ಆಲ್ಟರ್ ಸಿಸ್ಟಮ್ ಆದೇಶದಿಂದ ರಿಕವರಿ ಏರಿಯಾದ ಮಿತಿಯನ್ನು 200ರಿಂದ 300 ಜಿಬಿಗೆ ಏರಿಸಿದೆವು. ಡಿಸ್ಕಿನಲ್ಲಿ ನಿಜಕ್ಕೂ ಜಾಗ ಇದ್ದದ್ದರಿಂದ ಇದು ಸುರಕ್ಷಿತ. ಇದಕ್ಕೆ ಡೇಟಾಬೇಸ್ ನಿಲ್ಲಿಸಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲೇ ಆರ್ಕೈವರ್ ಕೆಲಸ ಹಿಡಿಯಿತು, ಗುಂಪುಗಳು ಬಿಡುಗಡೆಯಾದವು, ಶಾಖೆಗಳಿಂದ ಫೋನು ಬರತೊಡಗಿತು. ಆಮೇಲೆ ಒರಾಕಲಿನದೇ ಬ್ಯಾಕಪ್ ಸಾಧನವಾದ ಆರ್‌ಮ್ಯಾನ್ ತೆರೆದು ಕ್ರಾಸ್‌ಚೆಕ್ ಮಾಡಿಸಿದೆವು. ಕಂಟ್ರೋಲ್ ಫೈಲಿನ ಲೆಕ್ಕವನ್ನು ಡಿಸ್ಕಿನ ಜೊತೆ ತಾಳೆ ನೋಡಿ, ಕಾಣದ ಫೈಲುಗಳಿಗೆ ಎಕ್ಸ್‌ಪೈರ್ಡ್ ಎಂದು ಗುರುತು ಹಾಕುವ ಕೆಲಸ ಅದು. ಇದನ್ನು ಬಿಟ್ಟು ನೇರ ಬ್ಯಾಕಪ್‌ಗೆ ಹೋದರೆ ಇರಬೇಕಾದ ಫೈಲು ಇಲ್ಲ ಎಂದು ಆರ್‌ಮ್ಯಾನ್ ಅಲ್ಲೇ ನಿಲ್ಲುತ್ತದೆ. ನಂತರ ಇಡೀ ಡೇಟಾಬೇಸಿನ ಹೊಸ ಬ್ಯಾಕಪ್, ಉಳಿದ ಆರ್ಕೈವ್ ಲಾಗ್‌ಗಳ ಜೊತೆ, ಹೊರಗಿನ ಡಿಸ್ಕಿಗೆ. ಅದು ಮುಗಿದ ಮೇಲೆಯೇ ಹಳೆಯದನ್ನು ಆರ್‌ಮ್ಯಾನ್ ಮೂಲಕ ಅಳಿಸಿದೆವು. ಆ ಬ್ಯಾಕಪ್ ಮುಗಿಯುವ ತನಕ ನನಗೆ ಸಮಾಧಾನ ಇರಲಿಲ್ಲ. ಶಾಖೆಗಳಲ್ಲಿ ಎಲ್ಲರೂ ಸರಿಯಾಯಿತು ಎಂದುಕೊಂಡಿದ್ದ ಹೊತ್ತು ಅದು, ಸೊಸೈಟಿಗೆ ನಿಜವಾದ ಅಪಾಯ ಇದ್ದದ್ದೂ ಆಗಲೇ.

ಎಂಟ್ರಿ ಶುರುವಾದ ಮೇಲೆ ಇನ್ನೊಂದು ಗೊಂದಲ ಬಂತು. ಸ್ಕ್ರೀನು ನಿಂತಾಗ ಹಲವು ಕ್ಯಾಷಿಯರುಗಳು ವಿಂಡೋ ಮುಚ್ಚಿದ್ದರು. ಮುಚ್ಚಿದರೆ ಎಂಟ್ರಿ ಆಗಿಲ್ಲ ಎಂದು ನಂಬಿ ಮತ್ತೆ ಹಾಕಿದರು. ಆದರೆ ಸರ್ವರಿನ ಕಡೆಯ ಪ್ರೊಸೆಸ್ ಇನ್ನೂ ಕಾಯುತ್ತಾ ನಿಂತಿರುತ್ತದೆ. ದಾರಿ ತೆರೆದಾಗ ಅದು ಕೈಯಲ್ಲಿದ್ದ ಕೆಲಸ ಮುಗಿಸುತ್ತದೆ, ಆಮೇಲೆಯೇ ಕೇಳಿದವರು ಹೋಗಿದ್ದಾರೆ ಎಂದು ಅದಕ್ಕೆ ತಿಳಿಯುವುದು. ಅಪ್‌ಡೇಟ್ ಹಂತದಲ್ಲಿ ನಿಂತಿದ್ದವು ಕಮಿಟ್ ಆಗದೆ ವಾಪಸ್ ಹೋದವು. ಕಮಿಟ್ ಕೂಡ ಒಳಗೇ ಇರುವ ಪ್ರೊಸೀಜರಿನ, ಅಂದರೆ ಡೇಟಾಬೇಸಿನಲ್ಲೇ ಇಟ್ಟ ಪ್ರೋಗ್ರಾಮಿನ ನಡುವೆ ನಿಂತಿದ್ದವು ಪೂರ್ತಿಯಾದವು. ಹೀಗೆ ಕೆಲವು ಎರಡೆರಡು ಸಲ ಬಿದ್ದವು.

ಪಿಗ್ಮಿಯಲ್ಲಿ ಹಾಗಾಗಲಿಲ್ಲ. ಆ ಟೇಬಲ್‌ನಲ್ಲಿ ಏಜೆಂಟ್ ನಂಬರು, ರಸೀದಿ ನಂಬರು, ದಿನಾಂಕ ಮೂರೂ ಒಂದೇ ಆಗಿರುವ ಎಂಟ್ರಿ ಎರಡನೇ ಸಲ ಬರಬಾರದು ಎಂಬ ಯೂನಿಕ್ ಕನ್‌ಸ್ಟ್ರೇಂಟ್ ಇತ್ತು. ಎರಡನೇ ಅಪ್‌ಲೋಡನ್ನು ಡೇಟಾಬೇಸೇ ಓಆರ್‌ಎ-00001 ಎಂದು ತಿರಸ್ಕರಿಸಿತು. ಕೌಂಟರಿನ ನಗದು ಎಂಟ್ರಿಗೆ ಅಂಥ ಕಾವಲು ಇರಲಿಲ್ಲ. ಪ್ರತಿ ಸಲವೂ ಹೊಸ ನಂಬರು ಹುಟ್ಟುತ್ತಿತ್ತು. ಆ ಸಂಜೆ ಪ್ರತಿ ಶಾಖೆಯಲ್ಲೂ ಕೈಯಲ್ಲಿದ್ದ ನಗದನ್ನು ಎಣಿಸಿ, ಚಲನ್‌ಗಳ ಜೊತೆ ತಾಳೆ ಹಾಕಿ, ಹೆಚ್ಚುವರಿ ಎಂಟ್ರಿಗಳನ್ನು ಹುಡುಕಬೇಕಾಯಿತು. ನಿಯಮವನ್ನು ಅಪ್ಲಿಕೇಶನ್ನಿನ ಸ್ಕ್ರೀನಿನಲ್ಲಿ ಬರೆದರೆ ಸಾಕು ಎನ್ನುವವರು ಬಹಳ ಜನ ಇದ್ದಾರೆ. ಸ್ಕ್ರೀನು ಸತ್ತಾಗ ಆ ನಿಯಮವೂ ಅದರ ಜೊತೆ ಹೋಗುತ್ತದೆ. ಟೇಬಲ್‌ಗೆ ಕಟ್ಟಿದ ನಿಯಮ ಉಳಿಯುತ್ತದೆ.

ಬಾಕಿ ಉಳಿದದ್ದು ಅರ್ಧಕ್ಕೆ ನಿಂತ ರಿಪೋರ್ಟು. ಮೂರು ತಿಂಗಳು ನಿಧಾನವಾಗಿ ತುಂಬಿದ ಜಾಗ ಅಂದೇ ಯಾಕೆ ಮುಗಿಯಿತು ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ಹಿಂದಿನ ರಾತ್ರಿ ಸಾಫ್ಟ್‌ವೇರ್ ಕೊಟ್ಟವರು ಒಂದು ಪ್ಯಾಚ್, ಅಂದರೆ ತಿದ್ದುಪಡಿ, ಹಾಕಿದ್ದರು. ಹಳೆಯ ವ್ಯವಹಾರಗಳ ಟೇಬಲ್‌ನ ಎಲ್ಲ ಸಾಲುಗಳಲ್ಲೂ ಶಾಖೆಯ ಕೋಡನ್ನು ಹೊಸ ರೂಪಕ್ಕೆ ಬದಲಾಯಿಸುವ ಒಂದು ಅಪ್‌ಡೇಟ್. ಆ ಟೇಬಲ್ ಕೋಟಿಗಟ್ಟಲೆ ಸಾಲಿನದು. ಪ್ರತಿ ಸಾಲಿಗೂ ಹೊಸ ಕೋಡ್, ಅದರ ಅನ್‌ಡೂ, ಬೇಗ ಹುಡುಕಲು ಇಟ್ಟ ಆ ಕಾಲಮ್ಮಿನ ಇಂಡೆಕ್ಸಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದು, ಎಲ್ಲಕ್ಕೂ ರಿಡೂ ಹುಟ್ಟುತ್ತದೆ. ಒಂದು ಸಾಲಿಗೆ ಕೆಲವು ನೂರು ಬೈಟ್ ಎಂದರೂ ಹತ್ತಾರು ಜಿಬಿ ಆಯಿತು. ಹಲವು ಸಾಲುಗಳಲ್ಲಿ ಕೋಡ್ ಆಗಲೇ ಹೊಸ ರೂಪದಲ್ಲಿತ್ತು. ಅಪ್‌ಡೇಟ್‌ಗೆ ಯಾವ ಸಾಲುಗಳು ಮಾತ್ರ ಎಂದು ಹೇಳುವ ವೇರ್ ಷರತ್ತು ಇಲ್ಲದ್ದರಿಂದ ಅವನ್ನೂ ಬರೆಯಿತು. ಇದ್ದ ಕೋಡನ್ನೇ ಮತ್ತೆ ಬರೆದರೂ ಒರಾಕಲಿಗೆ ಅದು ಬದಲಾವಣೆಯೇ, ಅದಕ್ಕೂ ರಿಡೂ ಹುಟ್ಟುತ್ತದೆ. ರಾತ್ರಿಯ ಅಪ್‌ಡೇಟ್ ಹೇಗೋ ಮುಗಿಯಿತು. ಉಳಿದ ಚೂರುಪಾರು ಜಾಗ ಬೆಳಗಿನ ಪಿಗ್ಮಿಗೆ ಸಾಲಲಿಲ್ಲ.

ಇಷ್ಟು ದೊಡ್ಡ ಅಪ್‌ಡೇಟ್ ನಡೆಯುವಾಗ ಬದಲಾದ ಬ್ಲಾಕುಗಳೆಲ್ಲ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಕಮಿಟ್‌ಗೆ ಮೊದಲೇ ಡಿಸ್ಕಿಗೆ ಹೋಗುತ್ತವೆ, ಬೇರೆಯವರು ಬದಲಾಯಿಸದಂತೆ ಸಾಲುಗಳ ಮೇಲೆ ಹಾಕಿದ ಲಾಕಿನ ಗುರುತು ಅವುಗಳಲ್ಲಿ ಉಳಿದಿರುತ್ತದೆ. ಆಮೇಲೆ ಯಾರು ಮೊದಲು ಆ ಬ್ಲಾಕನ್ನು ಓದುತ್ತಾರೋ ಅವರ ಪ್ರೊಸೆಸ್ ಆ ಗುರುತನ್ನು ಸ್ವಚ್ಛ ಮಾಡಬೇಕು. ಹಾಗೆ ಮಾಡುವುದೂ ಬ್ಲಾಕಿನ ಬದಲಾವಣೆ, ಅದಕ್ಕೂ ರಿಡೂ ಬೇಕು. ರಿಪೋರ್ಟ್ ಬರೀ ಓದುತ್ತಿದ್ದರೂ ಹಿಂದಿನ ರಾತ್ರಿ ಬದಲಾದ ಬ್ಲಾಕುಗಳಿಗೆ ಬಂದು ತಾಗಿದ ಕೂಡಲೇ ನಿಂತದ್ದು ಇದಕ್ಕೆ. ಬ್ಯಾಲೆನ್ಸಿನ ಟೇಬಲ್‌ಗೆ ಪ್ಯಾಚ್ ತಾಗಿರಲಿಲ್ಲ, ಅದು ಓದಲು ಸಿಕ್ಕಿತು. ಪ್ಯಾಚ್ ಬಗ್ಗೆ ಆ ಬೆಳಿಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಈ ರಿಪೋರ್ಟನ್ನು ನೋಡಿಯೇ "ನಿನ್ನೆ ರಾತ್ರಿ ಈ ಟೇಬಲ್ ಮೇಲೆ ಎಂತ ನಡೆಯಿತು?" ಎಂದು ಕೇಳಿದ್ದು.

ಪ್ಯಾಚ್ ಬರೆದವರ ಪರವಾಗಿಯೂ ಒಂದು ಮಾತು ಹೇಳಬೇಕು. ಐಬಿಎಂ ಕಂಪನಿಯಲ್ಲಿದ್ದ ಸಂಶೋಧಕ ಎಡ್ಗರ್ ಕಾಡ್ 1970ರಲ್ಲಿ, ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ರಿಲೇಶನಲ್ ಮಾದರಿಯನ್ನು ಮುಂದಿಟ್ಟದ್ದರ ದೊಡ್ಡ ಉದ್ದೇಶವೇ ಕೇಳುವವರಿಗೆ ಒಳಗಿನ ಜೋಡಣೆ ತಿಳಿಯಬೇಕಾದ ಹಂಗು ತಪ್ಪಿಸುವುದು. ಏನು ಬೇಕು ಎಂದು ಹೇಳಿ, ಹೇಗೆ ತರುವುದು ಎಂಬುದು ಸಿಸ್ಟಮ್ಮಿನ ಕೆಲಸ. 1979ರಲ್ಲಿ ಮಾರಾಟಕ್ಕೆ ಬಂದ ಒರಾಕಲ್ ಆ ಮಾತಿನ ಮೇಲೆಯೇ ಬೆಳೆಯಿತು. ಒಂದೇ ಗೆರೆಯ ಅಪ್‌ಡೇಟ್ ಆದೇಶ ಬರೆಯುವವರಿಗೆ ಅದರ ಹಿಂದಿನ ಹತ್ತಾರು ಜಿಬಿ ಕಾಣುವುದೇ ಇಲ್ಲ. ಬರೆಯುವವರಿಗೆ ಕಾಣದಿದ್ದರೂ ನೋಡಿಕೊಳ್ಳುವವರಿಗೆ ಕಾಣಬೇಕು. ಪ್ಯಾಚಿನ ಮೊದಲು ರಿಕವರಿ ಏರಿಯಾದಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು, ಪ್ಯಾಚ್ ನಡೆಯುತ್ತಿರುವಾಗ ನಡುನಡುವೆ ಆರ್ಕೈವ್ ಲಾಗ್‌ಗಳ ಬ್ಯಾಕಪ್ ಓಡಿಸುವುದು, ಇವು ಅವರ ಕೆಲಸ. ಅಪ್‌ಡೇಟನ್ನು ಸಣ್ಣ ಸಣ್ಣ ತುಂಡು ಮಾಡಿ ಕಮಿಟ್ ಮಾಡಿದರೆ ರಿಡೂ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಬೇಡದ ಸಾಲುಗಳನ್ನು ಮುಟ್ಟದಿದ್ದರೆ ಮಾತ್ರ ಆಗುತ್ತದೆ.

ಸ್ಟೋರೇಜಿನ ಕೇಬಲ್ ಅಂದೇ ಜೋಡಿಸಲಾಯಿತು. ಬ್ಯಾಕಪ್ಪಿನ ಮೇಲ್ ಈಗ ಮ್ಯಾನೇಜರಿಗೂ ಐಟಿ ಹುಡುಗಿಗೂ ಹೋಗುತ್ತದೆ. ಗೆದ್ದರೂ ಸೋತರೂ ಬರಬೇಕು, ಬರದಿದ್ದರೆ ಅದೇ ಸುದ್ದಿ ಎಂದು ಮಾತಾಗಿದೆ. ರಿಕವರಿ ಏರಿಯಾ ಮುಕ್ಕಾಲು ತುಂಬಿದರೆ ಅವಳ ಫೋನಿಗೆ ಸಂದೇಶ ಬರುತ್ತದೆ. ನಗದು ಎಂಟ್ರಿಗೂ ಚಲನ್ ನಂಬರಿನ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿಸಲಾಗಿದೆ.

ಹೊಸ ಬ್ಯಾಕಪ್ಪನ್ನು ಬೇರೆ ಒಂದು ಹಳೆಯ ಸರ್ವರಿನಲ್ಲಿ ರಿಸ್ಟೋರ್ ಮಾಡಿ ನೋಡುವ ಕೆಲಸವನ್ನು ಅವಳಿಂದಲೇ ಮಾಡಿಸಿದೆ. ಕಂಟ್ರೋಲ್ ಫೈಲು ತರುವುದು, ಡೇಟಾ ಫೈಲುಗಳನ್ನು ಇಳಿಸುವುದು, ಆರ್ಕೈವ್ ಲಾಗ್‌ಗಳನ್ನು ಒಂದೊಂದಾಗಿ ಓಡಿಸಿ ಹಿಂದಿನ ಸಂಜೆಯ ತನಕ ತರುವುದು. ಡೇಟಾಬೇಸ್ ತೆರೆದ ಮೇಲೆ ಮಲ್ಪೆ ಶಾಖೆಯ ಆ ದಿನದ ಪಿಗ್ಮಿ ಮೊತ್ತವನ್ನು ಎರಡೂ ಸರ್ವರಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟಳು. ಪೈಸೆಗೆ ಪೈಸೆ ಹೊಂದಿತು. ಪ್ರತಿ ಮೂರು ತಿಂಗಳಿಗೊಮ್ಮೆ ಇದನ್ನು ಮಾಡಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿದೆ, ಅದಕ್ಕಾಗಿ ಆ ಹಳೆಯ ಸರ್ವರನ್ನು ಮಾರದೆ ಉಳಿಸಿಕೊಂಡಿದ್ದಾರೆ.